ಬಿಲ್ ಬರುವುದು ತಡವಾದರೆ: ನಿಧಾನ ಡೇಟಾಬೇಸ್ ಕ್ವೆರಿಗೆ ದೋಷ ನಿವಾರಣೆ ಕೈಪಿಡಿ

“ಸಿಸ್ಟಮ್ ಸ್ಲೋ ಆಗಿದೆ ಮಾರಾಯ್ರೆ, ಬಿಲ್ಲೇ ಬರುವುದಿಲ್ಲ.” ಮಾಟುಂಗಾ, ಚೆಂಬೂರು, ಡೊಂಬಿವಲಿ ಕಡೆಯ ಹೋಟೆಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟ ನಮ್ಮವರಿಗೆ ಈ ಫೋನ್ ಹೊಸದೇನಲ್ಲ. ಪುಣೆಯ ಹಿಂಜವಡಿಯಲ್ಲೋ ಖರಾಡಿಯಲ್ಲೋ ಕೆಲಸದಲ್ಲಿದ್ದು, ಊರಿನ ಗುರುತಿನವರ ಹೋಟೆಲಿಗೆ ರಾತ್ರಿ ಹೊತ್ತು ಒಂದು ಆಪ್ ನೋಡಿಕೊಳ್ಳುವ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಇದು ಅವರಿಗಾಗಿ. ಉದಾಹರಣೆಗಳೆಲ್ಲ ಅಂಥದ್ದೇ ಒಂದು ಡೇಟಾಬೇಸಿನವು. ಹಲವು ಹೋಟೆಲುಗಳ ಬಿಲ್ಲು ಒಂದು ಟೇಬಲ್ಲಿನಲ್ಲಿ, ಬಿಲ್ಲಿನೊಳಗಿನ ಐಟಂಗಳು ಇನ್ನೊಂದರಲ್ಲಿ, ಗಿರಾಕಿಗಳ ಫೋನ್ ನಂಬರ್ ಮತ್ತೊಂದರಲ್ಲಿ. ಆಜ್ಞೆಗಳು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನವು. ಅಂಥದ್ದೇ ಇನ್ನೊಂದಾದ ಮೈಎಸ್‌ಕ್ಯೂಎಲ್ ಬೇರೆ ಥರ ನಡೆದುಕೊಳ್ಳುವ ಕಡೆ ಅದನ್ನೂ ಹೇಳಿದ್ದೇನೆ.

ಯಾವ ಲಕ್ಷಣವೇ ಇರಲಿ, ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ. ಕ್ವೆರಿ, ಅಂದರೆ ಆಪ್ ಡೇಟಾಬೇಸಿಗೆ ಕಳಿಸುವ ಕೋರಿಕೆ, ಕೆಲಸ ಮಾಡುತ್ತಿದೆಯಾ, ಸುಮ್ನೆ ಕಾಯುತ್ತಿದೆಯಾ? ಕೆಲಸ ಮಾಡುತ್ತಿದ್ದರೆ ಅದರ ಕೆಲಸ ಕಡಿಮೆ ಮಾಡಬೇಕು. ಕಾಯುತ್ತಿದ್ದರೆ ಯಾರಿಗಾಗಿ ಎಂದು ಹುಡುಕಬೇಕು. ಕಾಯುತ್ತಿರುವ ಕ್ವೆರಿಗೆ ಎಷ್ಟು ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಲು ಇಡುವ ಸೂಚಿ) ಹಾಕಿದರೂ, ಎಷ್ಟು ರ್‍ಯಾಮ್ ತುಂಬಿದರೂ ಅದು ಕಾಯುತ್ತಲೇ ಇರುತ್ತದೆ. ಆದರೂ ಹೆಚ್ಚಿನ ಕಡೆ ಮೊದಲು ಆಗುವುದು ಇವೇ ಎರಡು: ಯಾರೋ ಒಂದು ಇಂಡೆಕ್ಸ್ ಹಾಕುತ್ತಾರೆ, ಇನ್ಯಾರೋ ದೊಡ್ಡ ಮೆಷಿನ್ ಕೊಳ್ಳೋಣ ಅನ್ನುತ್ತಾರೆ.

## ಕೈ ಹಾಕುವ ಮುಂಚೆ

ರೀಸ್ಟಾರ್ಟ್ ಮಾಡಬೇಡಿ. ಮಾಡಿದರೆ ಯಾವ ಕನೆಕ್ಷನ್ ಯಾರನ್ನು ತಡೆದಿತ್ತು ಎಂಬ ಸಾಕ್ಷಿ ಅಳಿಸಿಹೋಗುತ್ತದೆ. ಮೆಮೊರಿಯಲ್ಲಿದ್ದ ಡೇಟಾ ಖಾಲಿಯಾಗಿ, ಮುಂದಿನ ಸ್ವಲ್ಪ ಹೊತ್ತು ಎಲ್ಲವೂ ಇನ್ನೂ ನಿಧಾನ. ಅದರ ಮೇಲೆ, ತೊಂದರೆ ತಾನಾಗಿ ಹೋದಂತೆ ಕಂಡು ಮುಂದಿನ ವಾರ ಮತ್ತೆ ಅದೇ ಫೋನ್.

ಎಕ್ಸ್‌ಪ್ಲೇನ್ ಅನಲೈಜ್ ಎಂಬ ಆಜ್ಞೆ ಮುಂದೆ ಪದೇ ಪದೇ ಬರುತ್ತದೆ. ಬರೀ ಎಕ್ಸ್‌ಪ್ಲೇನ್ ಯೋಜನೆ ತೋರಿಸಿ ಸುಮ್ಮನಾಗುತ್ತದೆ. ಅನಲೈಜ್ ಸೇರಿಸಿದರೆ ಕ್ವೆರಿಯನ್ನು ನಿಜವಾಗಿಯೇ ಓಡಿಸುತ್ತದೆ. ಡಿಲೀಟ್ ಆಗಿದ್ದರೆ ಸಾಲುಗಳು ನಿಜವಾಗಿಯೇ ಹೋಗುತ್ತವೆ. ಅಪ್‌ಡೇಟ್, ಡಿಲೀಟ್ ಪರೀಕ್ಷಿಸುವಾಗ ಮೊದಲು ಬಿಗಿನ್, ಕೊನೆಗೆ ರೋಲ್‌ಬ್ಯಾಕ್ (ಮಾಡಿದ್ದನ್ನು ಹಿಂದಕ್ಕೆ ತೆಗೆಯುವುದು) ಹಾಕಲೇಬೇಕು. ಆಗಲೂ ಅಷ್ಟು ಹೊತ್ತು ಆ ಸಾಲುಗಳಿಗೆ ಲಾಕ್ ಬಿದ್ದಿರುತ್ತದೆ, ಬೇರೆಯವರು ಬದಲಿಸಲಾಗದು. ಊಟದ ರಷ್ ಹೊತ್ತಿನಲ್ಲಿ ಇದನ್ನು ಮಾಡಬೇಡಿ.

ಇನ್ನೊಂದು. ಲಿನಕ್ಸ್‌ನಲ್ಲಿ ಕಿಲ್ -9 ಹೊಡೆದು ಪೋಸ್ಟ್‌ಗ್ರೆಸ್‌ನ ಒಂದು ಪ್ರಾಸೆಸ್ ಕೊಂದರೆ ಹೋಗುವುದು ಆ ಒಂದೇ ಅಲ್ಲ. ಸರ್ವರ್ ಉಳಿದೆಲ್ಲ ಕನೆಕ್ಷನ್‌ಗಳನ್ನೂ ಕಡಿದು ರಿಕವರಿಗೆ ಇಳಿಯುತ್ತದೆ. ಒಂದು ಕ್ವೆರಿ ನಿಲ್ಲಿಸಲು ಹೋಗಿ ಎಲ್ಲ ಹೋಟೆಲಿನ ಗಲ್ಲಾ ಮುಚ್ಚಿದಂತೆ.

## ಸ್ಕ್ರೀನ್ ನಿಧಾನ, ಆದರೆ ಅದೇ ಕ್ವೆರಿ ಸರ್ವರಿನಲ್ಲಿ ಚಕ್ಕನೆ ಮುಗಿಯುತ್ತದೆ

ಇದು ಅತಿ ಅಗ್ಗದ ಪರೀಕ್ಷೆ, ಆದ್ದರಿಂದ ಮೊದಲು ಇದೇ. ಡೇಟಾಬೇಸ್ ಸರ್ವರಿನಲ್ಲೇ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಬರೆಯುವ ಟೂಲ್) ತೆರೆದು, ಟೈಮಿಂಗ್ ಆನ್ ಮಾಡಿ ಕ್ವೆರಿ ಓಡಿಸಿ. ಸ್ಕ್ರೀನ್ ಬರಲು 12 ಸೆಕೆಂಡು, ಕ್ವೆರಿಗೆ ಬರೀ 3 ಮಿಲಿಸೆಕೆಂಡು ಎಂದಾದರೆ ಆ ಕ್ವೆರಿಯನ್ನು ತಿದ್ದಿ ಏನೂ ಪ್ರಯೋಜನವಿಲ್ಲ.

ಹೀಗಾದಾಗ ಹೆಚ್ಚಾಗಿ ಸಿಕ್ಕಿಬೀಳುವ ಕಳ್ಳ ಒಂದೇ: ಕ್ವೆರಿಗಳ ಸಂಖ್ಯೆ. ಇವತ್ತಿನ 200 ಬಿಲ್ಲುಗಳ ಪಟ್ಟಿ ತರಲು ಒಂದು ಕ್ವೆರಿ. ಆಮೇಲೆ ಪ್ರತಿ ಬಿಲ್ಲಿನ ಐಟಂ ತರಲು ಒಂದೊಂದು. ಒಟ್ಟು 201. ನೀವು ಹಾಗೆ ಬರೆದಿರುವುದಿಲ್ಲ. ಕೋಡಿನಿಂದ ತಾನೇ ಕ್ವೆರಿ ತಯಾರಿಸುವ ನಿಮ್ಮ ಓಆರ್‌ಎಂ ಲೈಬ್ರರಿ ಲೂಪಿನೊಳಗೆ ಸದ್ದಿಲ್ಲದೆ ಬರೆದಿರುತ್ತದೆ. ಆಪ್ ಮತ್ತು ಡೇಟಾಬೇಸ್ ಎರಡೂ ಮುಂಬೈನಲ್ಲೇ ಇದ್ದರೆ ಒಂದು ಸಲ ಹೋಗಿಬರಲು ಒಂದು ಮಿಲಿಸೆಕೆಂಡು ಆಸುಪಾಸು, ಯಾರಿಗೂ ಗೊತ್ತಾಗುವುದಿಲ್ಲ. ಡೇಟಾಬೇಸ್ ಸಿಂಗಾಪುರದಲ್ಲಿದ್ದರೆ ಒಂದು ಸುತ್ತಿಗೆ ಸುಮಾರು 60 ಮಿಲಿಸೆಕೆಂಡು. 200 ಸಲ ಹೋಗಿ ಬಂದರೆ 12 ಸೆಕೆಂಡು. ಅಮೆಜಾನ್ ತನ್ನ ಮುಂಬೈ ರೀಜನ್ ತೆರೆದದ್ದು 2016ರಲ್ಲಿ. ಅದಕ್ಕೂ ಹಳೆಯ ಸೆಟಪ್ ನಿಮ್ಮ ಕೈಗೆ ಬಂದಿದ್ದರೆ ಡೇಟಾಬೇಸ್ ಯಾವ ಊರಿನಲ್ಲಿದೆ ಎಂದು ಒಮ್ಮೆ ನೋಡಿಬಿಡಿ.

ಇದನ್ನು ಖಚಿತ ಮಾಡಿಕೊಳ್ಳಲು ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಎಂಬ ಎಕ್ಸ್‌ಟೆನ್ಷನ್ ಬೇಕು. ಯಾವ ಕ್ವೆರಿ ಎಷ್ಟು ಸಲ, ಎಷ್ಟು ಹೊತ್ತು ಓಡಿತು ಎಂಬ ಲೆಕ್ಕ ಇಡುವುದು ಅದು. ಮೊದಲ ಸಲ ಅದನ್ನು ಸೇರಿಸಲು ಸರ್ವರ್ ರೀಸ್ಟಾರ್ಟ್ ಬೇಕಾಗುತ್ತದೆ, ಆದ್ದರಿಂದ ತೊಂದರೆ ಇಲ್ಲದ ದಿನವೇ ಹಾಕಿಟ್ಟುಕೊಳ್ಳಿ. ಅದರಲ್ಲಿ ಸರಾಸರಿ ಸಮಯದ ಮೇಲೆ ಪಟ್ಟಿ ಮಾಡಬೇಡಿ, ಒಟ್ಟು ಸಮಯದ ಮೇಲೆ ಮಾಡಿ. ಸರಾಸರಿ ಚಿಕ್ಕದು, ಕಾಲ್ಸ್ ಸಂಖ್ಯೆ ಲಕ್ಷಗಳಲ್ಲಿ ಎಂದಿರುವ ಸಾಲು ಮೇಲೆ ಬಂದರೆ ಅದೇ ನಿಮ್ಮ ಲೂಪು. ಜಾಯಿನ್ (ಎರಡು ಟೇಬಲ್ಲು ಸೇರಿಸಿ ಓದುವುದು) ಹಾಕಿ ಒಂದೇ ಕ್ವೆರಿ ಮಾಡಿ, ಅಥವಾ ಎಲ್ಲ ಬಿಲ್ ನಂಬರುಗಳನ್ನು ಒಟ್ಟಿಗೆ ಕೊಟ್ಟು ಐಟಂಗಳನ್ನು ಒಂದೇ ಸಲ ತರಿಸಿ.

## ಇದ್ದಕ್ಕಿದ್ದಂತೆ ಎಲ್ಲವೂ ನಿಂತುಹೋಗಿದೆ, ಸಿಪಿಯು ಮಾತ್ರ ಆರಾಮಾಗಿದೆ

ಸಿಪಿಯು 5 ಪರ್ಸೆಂಟ್, ಡಿಸ್ಕ್ ಶಾಂತ, ಆದರೆ ಒಂದೂ ಬಿಲ್ ಮುಂದೆ ಹೋಗುತ್ತಿಲ್ಲ. ಇದು ಕಾಯುವ ಲಕ್ಷಣ. ಯಾರೋ ಲಾಕ್ ಹಿಡಿದು ಕೂತಿದ್ದಾರೆ.

ಈಗಿರುವ ಕನೆಕ್ಷನ್‌ಗಳ ಪಟ್ಟಿಯಾದ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಿ. ವೇಟ್_ಇವೆಂಟ್_ಟೈಪ್ ಎಂಬ ಕಾಲಂನಲ್ಲಿ ಲಾಕ್ ಎಂದು ಇರುವ ಸಾಲುಗಳೆಲ್ಲ ತೊಂದರೆಗೆ ಸಿಕ್ಕವರು. ತಪ್ಪಿತಸ್ಥರು ಅವರಲ್ಲ. ತಡೆದವನನ್ನು ಹಿಡಿಯಲು ಪಿಜಿ_ಬ್ಲಾಕಿಂಗ್_ಪಿಐಡಿಎಸ್ ಎಂಬ ಫಂಕ್ಷನ್ ಇದೆ, 9.6ನೇ ಆವೃತ್ತಿಯಿಂದ. ಕಾಯುತ್ತಿರುವವನ ಪಿಐಡಿ (ಪ್ರಾಸೆಸ್ ನಂಬರ್) ಕೊಟ್ಟರೆ ತಡೆದವರ ಪಿಐಡಿ ಕೊಡುತ್ತದೆ. ಆ ಜಾಡು ಹಿಡಿದು ಹಿಂದೆ ಹಿಂದೆ ಹೋದರೆ, ತಾನು ಯಾರಿಗೂ ಕಾಯದೆ ಉಳಿದವರನ್ನೆಲ್ಲ ಕಾಯಿಸುತ್ತಿರುವ ಒಂದು ಕನೆಕ್ಷನ್ ಸಿಗುತ್ತದೆ.

ಆ ಕನೆಕ್ಷನ್‌ನ ಸ್ಥಿತಿ ಎಷ್ಟೋ ಸಲ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದಿರುತ್ತದೆ. ಅಂದರೆ ಬಿಗಿನ್ ಹೇಳಿ ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಯಬೇಕಾದ ಬದಲಾವಣೆಗಳ ಗುಂಪು) ತೆರೆದು, ಒಂದು ಬಿಲ್ ಅಪ್‌ಡೇಟ್ ಮಾಡಿ, ಅದನ್ನು ಖಾಯಂ ಮಾಡುವ ಕಮಿಟ್ ಹೇಳದೆ ಕೂತಿದೆ. ಕೋಡಿನಲ್ಲಿ ಯಾರೋ ಟ್ರಾನ್ಸಾಕ್ಷನ್ ತೆರೆದಿಟ್ಟು ಪೇಮೆಂಟ್ ಗೇಟ್‌ವೇಯ ಉತ್ತರಕ್ಕೆ ಕಾಯುತ್ತಿರಬಹುದು. ಇಲ್ಲವೇ ನಿಮ್ಮದೇ ಟೀಮಿನವರೊಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಡಿಬೀವರ್ ಎಂಬ ಡೇಟಾಬೇಸ್ ಟೂಲ್ ತೆರೆದು, ಆಟೋ ಕಮಿಟ್ ಆಫ್ ಮಾಡಿ, ಚಹಾ ಕುಡಿಯಲು ಹೋಗಿರಬಹುದು. ಕ್ಲೈಂಟ್ ವಿಳಾಸ ಮತ್ತು ಅಪ್ಲಿಕೇಶನ್ ಹೆಸರು ಅದೇ ಸಾಲಿನಲ್ಲಿರುತ್ತವೆ. ಮೊದಲು ಫೋನ್ ಮಾಡಿ ಕೇಳಿ. ಕಡಿದುಹಾಕುವುದು ಆಮೇಲೆ.

ಇದಕ್ಕಿಂತ ಮೋಸದ ಇನ್ನೊಂದು ಬಗೆ ಇದೆ. ಒಂದು ಉದ್ದನೆಯ ರಿಪೋರ್ಟ್ ಬಿಲ್ ಟೇಬಲ್ ಓದುತ್ತಿದೆ. ಅದರಿಂದ ಯಾರಿಗೂ ತೊಂದರೆ ಇಲ್ಲ. ಅಷ್ಟರಲ್ಲಿ ಯಾರೋ ಒಂದು ಕಾಲಂ ಸೇರಿಸಲು ಆಲ್ಟರ್ ಟೇಬಲ್ ಹೊಡೆಯುತ್ತಾರೆ. ಅದಕ್ಕೆ ಟೇಬಲ್ ಪೂರ್ತಿ ಬೇಕು, ಆದ್ದರಿಂದ ರಿಪೋರ್ಟ್ ಮುಗಿಯಲಿ ಎಂದು ನಿಲ್ಲುತ್ತದೆ. ಆ ಆಲ್ಟರ್‌ನ ಹಿಂದೆ ಬಂದ ಪ್ರತಿಯೊಂದು ಸೆಲೆಕ್ಟ್ ಕೂಡ ಈಗ ಸಾಲಿನಲ್ಲಿ. ದಾದರಿನಲ್ಲಿ ಲೋಕಲ್ ಬಾಗಿಲಿಗೆ ಅಡ್ಡ ನಿಂತು, ಇಳಿಯದೆ, ಒಳಗೂ ಹೋಗದೆ ಇರುವವರಿರುತ್ತಾರಲ್ಲ, ಆ ಆಲ್ಟರ್ ಅದೇ. ಅದನ್ನು ನಿಲ್ಲಿಸಿದ ಕೂಡಲೇ ಸಾಲು ಸರಿದುಹೋಗುತ್ತದೆ. ಮುಂದೆ ಇಂಥ ಕೆಲಸಕ್ಕೆ ಮುಂಚೆ ಲಾಕ್_ಟೈಮ್ಔಟ್ ಅನ್ನು 2-3 ಸೆಕೆಂಡಿಗೆ ಇಡಿ. ಸಿಗದಿದ್ದರೆ ಅದು ತಾನೇ ಬಿಟ್ಟುಕೊಡುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಮೊದಲೇ ಇರುವ ಮೌಲ್ಯ ಸೊನ್ನೆ, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ತೊಂದರೆ ಪ್ರಾಸೆಸ್‌ಲಿಸ್ಟ್‌ನಲ್ಲಿ ‘ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್’ ಎಂದು ಕಾಣುತ್ತದೆ. ಅಲ್ಲಿ ಮೊದಲೇ ಇಟ್ಟಿರುವ ಕಾಯುವ ಮಿತಿ 3,15,36,000 ಸೆಕೆಂಡು. ಲೆಕ್ಕ ಹಾಕಿದರೆ ಪೂರ್ತಿ ಒಂದು ವರ್ಷ! ಅದನ್ನು ಮಿತಿ ಅಂತ ಕರೆಯುವುದೇ ತಮಾಷೆ.

ತಡೆದವನನ್ನು ತೆಗೆಯುವ ಕ್ರಮ ಹೀಗೆ. ಕ್ವೆರಿ ಓಡುತ್ತಿದ್ದರೆ ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಸಾಕು, ಕ್ವೆರಿ ನಿಂತು ಕನೆಕ್ಷನ್ ಉಳಿಯುತ್ತದೆ. ಐಡಲ್ ಇನ್ ಟ್ರಾನ್ಸಾಕ್ಷನ್ ಆಗಿದ್ದರೆ ರದ್ದು ಮಾಡಲು ಕ್ವೆರಿಯೇ ಇಲ್ಲ, ಪಿಜಿ_ಟರ್ಮಿನೇಟ್_ಬ್ಯಾಕೆಂಡ್ ಬೇಕು. ಅಲ್ಲಿಯವರೆಗೆ ಅದು ಮಾಡಿದ್ದೆಲ್ಲ ಹಿಂದಕ್ಕೆ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಈ ರೋಲ್‌ಬ್ಯಾಕ್ ತಕ್ಷಣ ಮುಗಿಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಉಳಿಸುವ ಭಾಗವಾದ ಇನ್ನೋಡಿಬಿಯಲ್ಲಿ ಎಚ್ಚರ: ಒಂದು ಗಂಟೆ ಓಡಿದ ದೊಡ್ಡ ಅಪ್‌ಡೇಟ್ ಕೊಂದರೆ ಅದನ್ನು ಹಿಂದಕ್ಕೆ ಸರಿಸಲು ಅಷ್ಟೇ ಹೊತ್ತು, ಕೆಲವೊಮ್ಮೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಮುಗಿಯಲು ಬಂದ ಕೆಲಸವಾದರೆ ಬಿಟ್ಟುಬಿಡುವುದೇ ಜಾಣತನ. ರೋಲ್‌ಬ್ಯಾಕ್ ನಡೆಯುವಾಗ ಸರ್ವರ್ ಆಫ್ ಮಾಡಿದರೂ ತಪ್ಪಿಸಿಕೊಳ್ಳಲಾಗದು. ಮತ್ತೆ ಆನ್ ಮಾಡಿದಾಗ ಅದು ಅಲ್ಲಿಂದಲೇ ಮುಂದುವರಿಯುತ್ತದೆ.

## ಒಂದೇ ರಿಪೋರ್ಟ್ ನಿಧಾನ, ಉಳಿದದ್ದೆಲ್ಲ ಸರಿ

ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ರಿಟರ್ನ್) ಹಾಕಬೇಕಲ್ಲ, ಅದಕ್ಕೆ ಮುಂಚಿನ ಎರಡು ದಿನ ಈ ದೂರು ಜಾಸ್ತಿ. ಇಲ್ಲಿ ಕ್ವೆರಿ ನಿಜವಾಗಿ ಕೆಲಸ ಮಾಡುತ್ತಿರುತ್ತದೆ. ಏನು ಮಾಡುತ್ತಿದೆ ಎಂದು ನೋಡಲು ಎಕ್ಸ್‌ಪ್ಲೇನ್, ಅನಲೈಜ್ ಮತ್ತು ಬಫರ್ಸ್ (ಎಷ್ಟು ಡೇಟಾ ಓದಿತು ಎಂಬ ಲೆಕ್ಕ) ಜೊತೆಗೆ ಓಡಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ಎಕ್ಸ್‌ಪ್ಲೇನ್ ಅನಲೈಜ್ 8.0.18ರಿಂದ ಸಿಗುತ್ತದೆ.

ಬರುವ ಉತ್ತರ ಮೊದಲ ಸಲ ಹೆದರಿಸುತ್ತದೆ. ಎಲ್ಲವನ್ನೂ ಓದಬೇಕಿಲ್ಲ, ಮೂರು ಕಡೆ ಕಣ್ಣು ಹಾಯಿಸಿ. ಸಮಯ ಎಲ್ಲಿ ಜಿಗಿಯುತ್ತದೆ? ‘ರೋಸ್ ರಿಮೂವ್ಡ್ ಬೈ ಫಿಲ್ಟರ್’ ಎಂಬ ಸಂಖ್ಯೆ ಎಷ್ಟು ದೊಡ್ಡದು? ಅಂದಾಜು ಸಾಲುಗಳಿಗೂ ನಿಜವಾಗಿ ಬಂದ ಸಾಲುಗಳಿಗೂ ಎಷ್ಟು ಅಂತರ? ಲೂಪ್ಸ್ ಎಂಬ ಸಂಖ್ಯೆ 1ಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ತೋರಿಸುವ ಸಮಯ ಒಂದು ಸುತ್ತಿನದ್ದು. ಗುಣಿಸಿಕೊಳ್ಳಬೇಕು. 0.2 ಮಿಲಿಸೆಕೆಂಡು ಎಂದು ನೋಡಿ ಮುಂದೆ ಹೋದರೆ, ಪಕ್ಕದಲ್ಲಿ ಲೂಪ್ಸ್ 50,000 ಇರುತ್ತದೆ. ಅಲ್ಲೇ 10 ಸೆಕೆಂಡು ಹೋಗಿರುತ್ತದೆ.

ಸೀಕ್ವೆನ್ಷಿಯಲ್ ಸ್ಕ್ಯಾನ್ (ಟೇಬಲ್ ಪೂರ್ತಿ ಓದುವುದು) ಕಂಡ ಕೂಡಲೇ ಗಾಬರಿ ಬೇಡ. 300 ಸಾಲಿನ ಮೆನು ಟೇಬಲ್ ಪೂರ್ತಿ ಓದುವುದೇ ಬೇಗ. ವರ್ಷದ ರಿಪೋರ್ಟಿಗೆ ಅರ್ಧ ಟೇಬಲ್ ಬೇಕಿದ್ದರೂ ಅಷ್ಟೇ. ತೊಂದರೆ ಇರುವುದು 1 ಕೋಟಿ ಸಾಲು ಓದಿ 400 ಇಟ್ಟುಕೊಂಡು ಉಳಿದದ್ದನ್ನು ಎಸೆದಾಗ. ಇಂಡೆಕ್ಸ್ ಬೇಕಿರುವುದು ಅಲ್ಲಿಗೆ.

ಆದರೆ ಹೊಸ ಇಂಡೆಕ್ಸ್ ಮಾಡುವ ಮುಂಚೆ, ಈಗಾಗಲೇ ಇರುವುದನ್ನು ಕ್ವೆರಿ ಯಾಕೆ ಬಳಸುತ್ತಿಲ್ಲ ಎಂದು ನೋಡಿ. ಬಿಲ್ ಸಮಯಕ್ಕೆ ಇಂಡೆಕ್ಸ್ ಇದೆ, ಆದರೂ ಪೂರ್ತಿ ಟೇಬಲ್ ಓದುತ್ತಿದೆ. ಕ್ವೆರಿಯಲ್ಲಿ ‘ಡೇಟ್(ಬಿಲ್_ಸಮಯ) = '2025-04-10'’ ಎಂದು ಬರೆದಿದೆ. ಇಂಡೆಕ್ಸ್ ಇರುವುದು ಬಿಲ್ ಸಮಯದ ಮೇಲೆ. ಡೇಟ್ ಫಂಕ್ಷನ್ ಹಾಕಿದ ಮೇಲೆ ಅದು ಬೇರೆ ಮೌಲ್ಯ, ಇಂಡೆಕ್ಸ್‌ಗೆ ಗುರುತೇ ಸಿಗುವುದಿಲ್ಲ. ‘ಬಿಲ್_ಸಮಯ >= '2025-04-10' ಮತ್ತು ಬಿಲ್_ಸಮಯ < '2025-04-11'’ ಎಂದು ಬರೆಯಿರಿ. ಹೋಟೆಲಿನವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ರಾತ್ರಿ ಒಂದು ಗಂಟೆಯ ಬಿಲ್ಲು ಹಿಂದಿನ ದಿನದ ವ್ಯಾಪಾರಕ್ಕೇ ಸೇರಬೇಕಲ್ವಾ? ಬೆಳಿಗ್ಗೆ 5ರಿಂದ ಮರುದಿನ ಬೆಳಿಗ್ಗೆ 5ರವರೆಗೆ ಎಂದು ಬರೆದರೆ ಲೆಕ್ಕವೂ ಸರಿ, ವೇಗವೂ ಸರಿ. ಡೇಟ್ ಫಂಕ್ಷನ್ ಮೇಲೇ ಇಂಡೆಕ್ಸ್ ಮಾಡೋಣ ಎಂದು ಹೋದರೆ, ಟೈಮ್‌ಝೋನ್ ಇರುವ ಕಾಲಂ ಮೇಲೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಗೋವಾದಲ್ಲಿ ಕೂತವನಿಗೂ ಲಂಡನ್ನಿನಲ್ಲಿ ಕೂತವನಿಗೂ ಒಂದೇ ಕ್ಷಣದ ತಾರೀಖು ಬೇರೆ ಬೇರೆ ಬರಬಹುದು ಎಂಬುದು ಅದರ ತಕರಾರು. ಸರಿಯಾದ ತಕರಾರೇ.

ಫೋನ್ ನಂಬರ್ ಹುಡುಕುವುದು ಇದರ ಅಣ್ಣ. ನಂಬರನ್ನು ಅಕ್ಷರವಾಗಿ ಉಳಿಸಿದ್ದೀರಿ, ಮೈಎಸ್‌ಕ್ಯೂಎಲ್‌ನಲ್ಲಿ ಕೋಟ್ ಇಲ್ಲದೆ ಅಂಕಿಯಾಗಿ ಹುಡುಕಿದ್ದೀರಿ. ಉತ್ತರ ಸರಿಯಾಗೇ ಬರುತ್ತದೆ, ಇಂಡೆಕ್ಸ್ ಮಾತ್ರ ಮೂಲೆಗೆ. ಎರಡು ಕೋಟ್ ಚಿಹ್ನೆ ಹಾಕಿದರೆ ಸಾಕು. ಕೊನೆಯ ನಾಲ್ಕು ಅಂಕಿಯಿಂದ ಹುಡುಕಲು ಲೈಕ್‌ನಲ್ಲಿ ಅಂಕಿಗಳ ಮುಂದುಗಡೆ ಪರ್ಸೆಂಟ್ ಚಿಹ್ನೆ ಹಾಕಿದರೆ ಸಾಮಾನ್ಯ ಬಿ-ಟ್ರೀ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಟಿಆರ್‌ಜಿಎಂ ಎಕ್ಸ್‌ಟೆನ್ಷನ್ ಹಾಕಿ ಜಿನ್ ಎಂಬ ಬೇರೆ ಬಗೆಯ ಇಂಡೆಕ್ಸ್ ಮಾಡಬಹುದು. ನನ್ನನ್ನು ಕೇಳಿದರೆ, ಕೊನೆಯ ನಾಲ್ಕು ಅಂಕಿಗೆ ಒಂದು ಪ್ರತ್ಯೇಕ ಕಾಲಂ ಇಡುವುದೇ ಸುಲಭ.

ಎರಡು ಕಾಲಂ ಸೇರಿಸಿ ಇಂಡೆಕ್ಸ್ ಮಾಡುವಾಗ ಕ್ರಮ ಮುಖ್ಯ. ‘ಈ ಹೋಟೆಲಿನ, ಈ ತಿಂಗಳ ಬಿಲ್ಲು’ ಎಂಬ ಕ್ವೆರಿಗೆ ಮೊದಲು ಹೋಟೆಲ್ ಐಡಿ, ಆಮೇಲೆ ಬಿಲ್ ಸಮಯ. ಸಮ ಎಂದು ಕೇಳುವ ಕಾಲಂ ಮುಂದೆ, ಇಷ್ಟರಿಂದ ಇಷ್ಟರವರೆಗೆ ಎಂದು ಕೇಳುವುದು ಹಿಂದೆ. ತಿರುಗಿಸಿ ಇಟ್ಟರೆ ಎಲ್ಲ ಹೋಟೆಲುಗಳ ಆ ತಿಂಗಳ ಬಿಲ್ಲು ಹೆಕ್ಕಿ, ಅದರಿಂದ ಒಂದು ಹೋಟೆಲಿನದ್ದು ಆರಿಸಬೇಕಾಗುತ್ತದೆ.

‘ಎಕ್ಸ್‌ಟರ್ನಲ್ ಮರ್ಜ್ ಡಿಸ್ಕ್’ ಎಂದು ಕಂಡರೆ ಸಾಲುಗಳನ್ನು ಜೋಡಿಸಲು ಮೆಮೊರಿ ಸಾಲದೆ ಡಿಸ್ಕಿಗೆ ಬರೆದಿದೆ. ಆ ಮೆಮೊರಿಯ ಮಿತಿಯಾದ ವರ್ಕ್_ಮೆಮ್ ಮೊದಲಿಗೆ ಬರೀ 4 ಎಂಬಿ. ಇದನ್ನು ಇಡೀ ಸರ್ವರಿಗೆ ಏರಿಸಬೇಡಿ. ಅದು ಒಂದು ಕನೆಕ್ಷನ್ನಿನ ಲೆಕ್ಕವಲ್ಲ, ಕ್ವೆರಿಯೊಳಗಿನ ಒಂದೊಂದು ಜೋಡಣೆಯ ಲೆಕ್ಕ. 100 ಕನೆಕ್ಷನ್ ಒಟ್ಟಿಗೆ ಬಂದ ದಿನ ಮೆಮೊರಿ ಮುಗಿದು ಸರ್ವರೇ ಬೀಳಬಹುದು. ಆ ರಿಪೋರ್ಟಿನ ಸೆಷನ್‌ಗೆ ಮಾತ್ರ 64 ಎಂಬಿ ಇಟ್ಟು ನೋಡಿ.

## ಕ್ವೆರಿ ಬದಲಾಗಿಲ್ಲ, ನಿನ್ನೆವರೆಗೆ ಸರಿ ಇತ್ತು, ಇವತ್ತು ನಿಧಾನ

ಕ್ವೆರಿಯನ್ನು ಯಾವ ದಾರಿಯಲ್ಲಿ ನಡೆಸಬೇಕು ಎಂದು ಡೇಟಾಬೇಸ್ ಖರ್ಚಿನ ಅಂದಾಜಿನ ಮೇಲೆ ತೀರ್ಮಾನಿಸುತ್ತದೆ. 1979ರಲ್ಲಿ ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಸಿಸ್ಟಮ್ ಆರ್ ಎಂಬ ಡೇಟಾಬೇಸಿನ ಬಗ್ಗೆ ಬರೆದ ಪ್ರಬಂಧದಿಂದ ಈ ಪದ್ಧತಿ ಬೆಳೆದು ಬಂತು, ಇವತ್ತಿಗೂ ಮೂಲ ಅದೇ. ಅಂದಾಜಿಗೆ ಆಧಾರ ಟೇಬಲ್ಲಿನ ಅಂಕಿಅಂಶ. ಅದು ಹಳತಾದರೆ ದಾರಿ ತಪ್ಪುತ್ತದೆ. ಪ್ಲ್ಯಾನಿನಲ್ಲಿ (ಎಕ್ಸ್‌ಪ್ಲೇನ್ ತೋರಿಸುವ ಯೋಜನೆಯಲ್ಲಿ) ಅಂದಾಜು 1 ಸಾಲು, ನಿಜ 80,000 ಎಂದಿದ್ದರೆ ಇದೇ ಕಾಯಿಲೆ. ಒಂದೇ ಸಾಲು ಬರುತ್ತದೆ ಎಂದು ನಂಬಿ ನೆಸ್ಟೆಡ್ ಲೂಪ್ (ಒಂದೊಂದು ಸಾಲಿಗೂ ಇನ್ನೊಂದು ಟೇಬಲ್ಲಿನಲ್ಲಿ ಹುಡುಕುವ ದಾರಿ) ಹಿಡಿದಿರುತ್ತದೆ, ಆಮೇಲೆ 80,000 ಸಲ ಸುತ್ತುತ್ತದೆ.

ಔಷಧಿ ಪುಕ್ಕಟೆ: ಆ ಟೇಬಲ್ಲಿಗೆ ಅನಲೈಜ್ ಆಜ್ಞೆ. ಇದು ಎಕ್ಸ್‌ಪ್ಲೇನ್ ಜೊತೆಗಿನದ್ದಲ್ಲ, ಬೇರೆಯದ್ದು. ಟೇಬಲ್ಲಿನ ಮಾದರಿ ತೆಗೆದು ಅಂಕಿಅಂಶ ಹೊಸದು ಮಾಡುತ್ತದೆ. ಹಗಲಿನಲ್ಲೇ ಓಡಿಸಬಹುದು, ಓದುವವರಿಗೂ ಬರೆಯುವವರಿಗೂ ಅಡ್ಡಿಯಿಲ್ಲ. ಪೋಸ್ಟ್‌ಗ್ರೆಸ್‌ನ ಹಿನ್ನೆಲೆಯಲ್ಲಿ ಶುಚಿ ಮಾಡುತ್ತಿರುವ ಆಟೋವ್ಯಾಕ್ಯೂಮ್ ಇದನ್ನು ತಾನೇ ಮಾಡುತ್ತದೆ ನಿಜ, ಆದರೆ ಟೇಬಲ್ಲಿನ 10 ಪರ್ಸೆಂಟ್ ಮತ್ತು 50 ಸಾಲು ಬದಲಾದ ಮೇಲೆ. 1 ಕೋಟಿ ಸಾಲಿನ ಟೇಬಲ್ಲಿಗೆ ಅದು 10 ಲಕ್ಷ ಬದಲಾವಣೆ. ಅಷ್ಟರೊಳಗೆ ಒಂದು ತಿಂಗಳು ಕಳೆದಿರುತ್ತದೆ. ದೊಡ್ಡ ಟೇಬಲ್ಲಿಗೆ ಮಾತ್ರ ಆ ಪ್ರಮಾಣ ಇಳಿಸಿಡಿ. ಮಡಗಾವಿನ ಹೊಸ ಬ್ರಾಂಚಿನ ಹಳೆ ಬಿಲ್ಲುಗಳನ್ನು ಒಟ್ಟಿಗೆ ತುಂಬಿದ್ದೀರಾ? ತುಂಬಿದ ಕೂಡಲೇ ಅನಲೈಜ್ ಹೊಡೆಯಿರಿ. ಹೊಸ ಆವೃತ್ತಿಗೆ ಹೋಗಲು ಪಿಜಿ_ಅಪ್‌ಗ್ರೇಡ್ ಮಾಡಿದ ಮರುದಿನ ಎಲ್ಲವೂ ನಿಧಾನ ಎಂದರೆ, 17ನೇ ಆವೃತ್ತಿಯವರೆಗೆ ಅದು ಹಳೆ ಅಂಕಿಅಂಶವನ್ನು ಹೊತ್ತು ತರುತ್ತಿರಲಿಲ್ಲ ಎಂಬುದನ್ನು ನೆನಪಿಡಿ.

ಅನಲೈಜ್ ಆದ ಮೇಲೂ ನಿಧಾನವೇ? ಪಿಜಿ_ಸ್ಟ್ಯಾಟ್_ಯೂಸರ್_ಟೇಬಲ್ಸ್‌ನಲ್ಲಿ ಸತ್ತ ಸಾಲುಗಳ ಸಂಖ್ಯೆ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಎಂದರೆ ಹಳೆ ಸಾಲು ಬಿಟ್ಟು ಹೊಸದು ಬರೆಯುವುದು. ಊಟದ ಮೇಜುವಾರು ಆರ್ಡರ್ ಸ್ಥಿತಿಯನ್ನು ನಿಮಿಷಕ್ಕೊಮ್ಮೆ ಬದಲಿಸುವ ಸಣ್ಣ ಟೇಬಲ್ಲು ಹೀಗೇ ಉಬ್ಬಿಕೊಳ್ಳುತ್ತದೆ. ಸತ್ತ ಸಾಲು ಗುಡಿಸುವ ವ್ಯಾಕ್ಯೂಮ್ ಓಡಿಸಿದರೂ ಸತ್ತ ಸಾಲು ಕಡಿಮೆಯಾಗುತ್ತಿಲ್ಲ ಎಂದರೆ ಎಲ್ಲೋ ಒಂದು ಹಳೆ ಟ್ರಾನ್ಸಾಕ್ಷನ್ ತೆರೆದೇ ಇದೆ. ಮೇಲಿನ ಲಾಕ್ ಭಾಗಕ್ಕೆ ಹೋಗಿ ಅದನ್ನು ಹುಡುಕಿ. ವ್ಯಾಕ್ಯೂಮ್ ಫುಲ್ ಮಾತ್ರ ಅವಸರದಲ್ಲಿ ಮುಟ್ಟಬೇಡಿ. ಅದು ಟೇಬಲ್ಲನ್ನು ಪೂರ್ತಿ ಬೀಗ ಹಾಕಿ ಹೊಸದಾಗಿ ಬರೆಯುತ್ತದೆ. ಮುಗಿಯುವವರೆಗೆ ಓದಲೂ ಆಗದು, ಡಿಸ್ಕಿನಲ್ಲಿ ಹೊಸ ಪ್ರತಿಗೆ ಜಾಗವೂ ಬೇಕು.

## ನಾನು ಓಡಿಸಿದರೆ ಬೇಗ, ಆಪ್‌ನಿಂದ ಓಡಿಸಿದರೆ ನಿಧಾನ

ತಲೆಕೆಡಿಸುವ ಲಕ್ಷಣ ಇದು. ಕ್ವೆರಿ ಅದೇ, ಡೇಟಾ ಅದೇ. ವ್ಯತ್ಯಾಸವೆಂದರೆ ಆಪ್ ಅದನ್ನು ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮೌಲ್ಯಗಳ ಜಾಗ ಖಾಲಿ ಬಿಟ್ಟು ಮೊದಲೇ ಸಿದ್ಧಮಾಡಿದ ಕ್ವೆರಿ) ಆಗಿ ಕಳಿಸುತ್ತದೆ. ಪೋಸ್ಟ್‌ಗ್ರೆಸ್ ಮೊದಲ ಐದು ಸಲ ಕೊಟ್ಟ ಮೌಲ್ಯಕ್ಕೆ ತಕ್ಕ ಯೋಜನೆ ಮಾಡುತ್ತದೆ. ಆಮೇಲೆ, ಖರ್ಚು ಹೆಚ್ಚೇನೂ ಆಗದು ಅನ್ನಿಸಿದರೆ, ಎಲ್ಲರಿಗೂ ಒಂದೇ ಯೋಜನೆಗೆ ಇಳಿಯಬಹುದು. ಒಂದು ಹೋಟೆಲಿಗೆ 40 ಲಕ್ಷ ಬಿಲ್ಲು, ಇನ್ನೊಂದಕ್ಕೆ 2,000 ಇದ್ದರೆ ಆ ಒಂದೇ ಅಂಗಿ ಯಾರಿಗೂ ಸರಿಹೋಗದು.

ಪರೀಕ್ಷೆ: ಅದೇ ಸೆಷನ್ನಿನಲ್ಲಿ ಪ್ರಿಪೇರ್ ಮಾಡಿ ಆರೇಳು ಸಲ ಓಡಿಸಿ ಪ್ಲ್ಯಾನ್ ಬದಲಾಗುತ್ತದೆಯೇ ನೋಡಿ. ಬದಲಾದರೆ ಪ್ಲ್ಯಾನ್_ಕ್ಯಾಶ್_ಮೋಡ್ ಅನ್ನು ಫೋರ್ಸ್_ಕಸ್ಟಮ್_ಪ್ಲ್ಯಾನ್ ಎಂದಿಡಿ. ಇದು 12ನೇ ಆವೃತ್ತಿಯಿಂದ ಇದೆ. ಪ್ಲ್ಯಾನ್ ಬದಲಾಗಲಿಲ್ಲವೆಂದರೆ ಆಟೋ_ಎಕ್ಸ್‌ಪ್ಲೇನ್ ಹಾಕಿ, ಆಪ್ ಕಳಿಸಿದ ಕ್ವೆರಿಯ ನಿಜವಾದ ಪ್ಲ್ಯಾನ್ ಅನ್ನು ಲಾಗಿನಲ್ಲೇ ಹಿಡಿಯಿರಿ.

## ಮೊದಲ ಪುಟ ಬೇಗ, 400ನೇ ಪುಟ ನಿಧಾನ

ಮುಂದಿನ ಪುಟ ತರಲು ಕ್ವೆರಿಯಲ್ಲಿ ಬರೆಯುವ ಆಫ್‌ಸೆಟ್ ಎಂದರೆ ಅಷ್ಟು ಸಾಲು ಓದಿ ಬಿಸಾಡು ಎಂದರ್ಥ. ಪುಟಕ್ಕೆ 50ರಂತೆ 400ನೇ ಪುಟಕ್ಕೆ 19,950 ಸಾಲು ವ್ಯರ್ಥ. ಕೊನೆಯ ಬಿಲ್ಲಿನ ಸಮಯ ಮತ್ತು ಐಡಿ ನೆನಪಿಟ್ಟು ‘ಇದಕ್ಕಿಂತ ಹಳೆಯ 50’ ಎಂದು ಕೇಳಿ. ಅಥವಾ 400ನೇ ಪುಟ ಯಾರಿಗೆ ಬೇಕು ಎಂದು ಮೊದಲು ಕೇಳಿ. ಹೆಚ್ಚಿನ ಸಲ ಅವರಿಗೆ ಬೇಕಿರುವುದು ಒಂದು ಸರ್ಚ್ ಡಬ್ಬ.

## ಓದುವುದು ಬೇಗ, ಅಳಿಸುವುದು ನಿಧಾನ

ಒಂದು ಬಿಲ್ ಅಳಿಸಲು 8 ಸೆಕೆಂಡು. ಎಕ್ಸ್‌ಪ್ಲೇನ್ ಅನಲೈಜ್‌ನ ಕೊನೆಯಲ್ಲಿ ‘ಟ್ರಿಗರ್ ಫಾರ್ ಕನ್‌ಸ್ಟ್ರೇಂಟ್’ ಎಂಬ ಸಾಲಿನಲ್ಲೇ ಅಷ್ಟೂ ಸಮಯ. ಐಟಂ ಟೇಬಲ್ಲಿನ ಬಿಲ್ ಐಡಿಗೆ ಇಂಡೆಕ್ಸ್ ಇಲ್ಲ, ಹಾಗಾಗಿ ಅಳಿಸುವ ಮುಂಚೆ ಪೂರ್ತಿ ಹುಡುಕುತ್ತಿದೆ. ಹೀಗೆ ಇನ್ನೊಂದು ಟೇಬಲ್ಲಿನ ಸಾಲನ್ನು ತೋರಿಸುವ ಕಾಲಂಗೆ, ಅಂದರೆ ಫಾರಿನ್ ಕೀಗೆ, ಇನ್ನೋಡಿಬಿ ತಾನೇ ಇಂಡೆಕ್ಸ್ ಮಾಡುತ್ತದೆ. ಪೋಸ್ಟ್‌ಗ್ರೆಸ್ ಮಾಡುವುದಿಲ್ಲ. ನೀವೇ ಮಾಡಬೇಕು.

## ಬೆಳಿಗ್ಗೆ ಚುರುಕು, ಮಧ್ಯಾಹ್ನ ಊಟದ ಹೊತ್ತಿಗೆ ಸುಸ್ತು

ಎಲ್ಲ ಕ್ವೆರಿಗಳೂ ಒಟ್ಟಿಗೆ ನಿಧಾನ, ಲಾಕ್ ಇಲ್ಲ, ಡಿಸ್ಕ್ ಕಾಯುವಿಕೆ ಜಾಸ್ತಿ. ಅಮೆಜಾನ್‌ನಲ್ಲಿದ್ದರೆ ಡಿಸ್ಕ್ ಯಾವ ಬಗೆಯದ್ದು ನೋಡಿ. ಹಳೆ ಜಿಪಿ2 ಡಿಸ್ಕಿಗೆ ಒಂದು ಜಿಬಿಗೆ 3ರಂತೆ ಐಓಪಿಎಸ್ (ಸೆಕೆಂಡಿಗೆ ಮಾಡಬಹುದಾದ ಓದು-ಬರಹ). 100 ಜಿಬಿ ಎಂದರೆ 300. ಉಳಿಸಿಕೊಂಡ ಕ್ರೆಡಿಟ್ ಇರುವವರೆಗೆ 3,000ದವರೆಗೆ ಓಡುತ್ತದೆ, ಖರ್ಚಾದ ಮೇಲೆ 300ಕ್ಕೆ ಕುಸಿಯುತ್ತದೆ. ರಾತ್ರಿ ಮತ್ತೆ ತುಂಬಿಕೊಳ್ಳುತ್ತದೆ, ಅದಕ್ಕೇ ಬೆಳಿಗ್ಗೆ ಚುರುಕು. ಜಿಪಿ3ಗೆ ಬದಲಿಸಿದರೆ ಗಾತ್ರ ಎಷ್ಟೇ ಇರಲಿ 3,000ದಿಂದಲೇ ಶುರು. ಈ ಮಾತಿನಲ್ಲಿ ದುಡ್ಡು ಕೊಟ್ಟು ಬಗೆಹರಿಸುವುದು ಸರಿ, ಯಾಕೆಂದರೆ ಕಾರಣ ಗೊತ್ತಾಗಿದೆ.

ಡಿಸ್ಕ್ ಸರಿ ಇದ್ದರೆ ಕನೆಕ್ಷನ್ ಎಣಿಸಿ. ಪೋಸ್ಟ್‌ಗ್ರೆಸ್‌ನ ಮೊದಲ ಮಿತಿ 100, ಮೈಎಸ್‌ಕ್ಯೂಎಲ್‌ನದ್ದು 151. ಮಿತಿ ತಾಗುತ್ತಿದೆ ಎಂದು ಅದನ್ನು 1,000 ಮಾಡಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ ಒಂದೊಂದು ಪ್ರಾಸೆಸ್. ಡೇಟಾಬೇಸಿನ ಮುಂದೆ ಪಿಜಿಬೌನ್ಸರ್ ಎಂಬ ಸಾಫ್ಟ್‌ವೇರ್ ಇಟ್ಟು ಇರುವ ಕನೆಕ್ಷನ್‌ಗಳನ್ನೇ ಹಂಚಿಕೊಳ್ಳಿ.

## ಕೊನೆಗೂ ಇಂಡೆಕ್ಸ್ ಬೇಕೇ ಬೇಕು ಎಂದಾದಾಗ

ಸಾದಾ ಕ್ರಿಯೇಟ್ ಇಂಡೆಕ್ಸ್ ಮುಗಿಯುವವರೆಗೆ ಆ ಟೇಬಲ್ಲಿಗೆ ಹೊಸ ಬಿಲ್ ಬರೆಯಲು ಬಿಡುವುದಿಲ್ಲ. ಓಡುತ್ತಿರುವ ಸಿಸ್ಟಮ್ಮಿನಲ್ಲಿ ಕನ್‌ಕರೆಂಟ್ಲಿ ಸೇರಿಸಿ. ಹೊತ್ತು ಜಾಸ್ತಿ ಹಿಡಿಯುತ್ತದೆ, ಟ್ರಾನ್ಸಾಕ್ಷನ್ನಿನ ಒಳಗೆ ಓಡಿಸಲಾಗದು. ಮಧ್ಯೆ ಕೆಟ್ಟರೆ ‘ಇನ್‌ವ್ಯಾಲಿಡ್’ ಎಂಬ ಅರೆಬೆಂದ ಇಂಡೆಕ್ಸ್ ಉಳಿದುಬಿಡುತ್ತದೆ. ಓದಲು ಬಳಕೆಯಾಗದು, ಆದರೆ ಪ್ರತಿ ಬರವಣಿಗೆಗೂ ಖರ್ಚು ಹಾಕುತ್ತಿರುತ್ತದೆ. ಡ್ರಾಪ್ ಮಾಡಿ ಮತ್ತೆ ಶುರು ಮಾಡಿ. ಬಳಕೆಯಾಗದ ಹಳೆಯವನ್ನು ತೆಗೆಯುವಾಗ ರೆಪ್ಲಿಕಾದಲ್ಲೂ (ಮೂಲ ಸರ್ವರಿನ ನಕಲಿನಲ್ಲೂ) ನೋಡಿ. ಮೂಲ ಸರ್ವರಿನಲ್ಲಿ ಸೊನ್ನೆ ತೋರಿಸುವ ಇಂಡೆಕ್ಸ್ ಅಲ್ಲಿ ರಿಪೋರ್ಟುಗಳಿಗೆ ದುಡಿಯುತ್ತಿರಬಹುದು.

## ಇಲ್ಲಿ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ

ಲಾಗಿನಲ್ಲಿ ‘ಇನ್‌ವ್ಯಾಲಿಡ್ ಪೇಜ್’ ಅಥವಾ ‘ಕುಡ್ ನಾಟ್ ರೀಡ್ ಬ್ಲಾಕ್’ ಎಂದು ಕಂಡರೆ ಅದು ನಿಧಾನದ ವಿಷಯವಲ್ಲ. ಡೇಟಾ ಅಥವಾ ಡಿಸ್ಕ್ ಕೆಡುತ್ತಿದೆ. ಏನೂ ಬದಲಿಸದೆ ಬ್ಯಾಕಪ್ ಎಲ್ಲಿದೆ ಎಂದು ಮೊದಲು ನೋಡಿ. ರ್‍ಯಾಪ್‌ಅರೌಂಡ್ (ಟ್ರಾನ್ಸಾಕ್ಷನ್ ನಂಬರುಗಳು ಮುಗಿಯುತ್ತ ಬಂದಿವೆ) ಎಂಬ ಮಾತಿರುವ ಎಚ್ಚರಿಕೆ ಬಂದರೂ ಅಷ್ಟೇ, ತಡಮಾಡಬೇಡಿ. ಡಿಸ್ಕ್ ತುಂಬಿದೆ ಎಂದು ಬದಲಾವಣೆಗಳನ್ನು ಮೊದಲು ಬರೆದಿಡುವ ಪಿಜಿ_ವಾಲ್ ಫೋಲ್ಡರಿನ ಫೈಲುಗಳನ್ನು ಕೈಯಾರೆ ಅಳಿಸಬೇಡಿ. ಹೆಸರಿನಲ್ಲಿ ಲಾಗ್ ಅನ್ನುವ ಅರ್ಥವಿದ್ದರೂ ಅದು ಬಿಸಾಡುವ ಲಾಗ್ ಅಲ್ಲ, ಅಳಿಸಿದರೆ ಡೇಟಾಬೇಸ್ ಮತ್ತೆ ಏಳದಿರಬಹುದು.

ಕರೆಯುವಾಗ ‘ಸ್ಲೋ ಆಗಿದೆ’ ಎಂದಷ್ಟೇ ಹೇಳಬೇಡಿ. ಡೇಟಾಬೇಸಿನ ಆವೃತ್ತಿ, ಕ್ವೆರಿ, ಅದರ ಪೂರ್ತಿ ಪ್ಲ್ಯಾನ್, ಟೇಬಲ್ಲಿನ ಗಾತ್ರ, ಇರುವ ಇಂಡೆಕ್ಸ್‌ಗಳ ಪಟ್ಟಿ, ಯಾವಾಗಿನಿಂದ ಎಂಬುದು, ಆ ಹೊತ್ತಿನಲ್ಲಿ ಏನು ಬದಲಾಯಿತು ಎಂಬುದು, ಇಷ್ಟು ಕಳಿಸಿ. ಸ್ಕ್ರೀನ್‌ಶಾಟ್ ಬೇಡ, ಅಕ್ಷರದಲ್ಲೇ ಕಳಿಸಿ. ಕಳಿಸುವ ಮುಂಚೆ ಪ್ಲ್ಯಾನನ್ನು ಒಮ್ಮೆ ಓದಿ. ಫಿಲ್ಟರ್ ಸಾಲಿನಲ್ಲಿ ನೀವು ಹುಡುಕಿದ ಗಿರಾಕಿಯ ಫೋನ್ ನಂಬರ್ ಹಾಗೇ ಕೂತಿರುತ್ತದೆ. ಅದನ್ನು ಅಳಿಸಿ ಕಳಿಸಿ.